ಹಿಟ್ಟಿನ ಮೇಲೆ ಬರೆದ ಅಕ್ಷರ

ನಮ್ಮ ಮನೆಯಲ್ಲಿ ರಾಗಿ ಹಿಟ್ಟನ್ನು ಅಳೆಯುತ್ತಿದ್ದುದು ತಾಮ್ರದ ಒಂದು ಪಾತ್ರೆಯಲ್ಲಿ. ಅದರ ಮೈಯೆಲ್ಲ ಸೇವಂತಿಗೆಯ ಎಸಳಿನಂತೆ ಏಣು ಏಣಾಗಿತ್ತು. ತಳದಲ್ಲಿ ಹೂವಿನಂಥ ಉಬ್ಬು ಇದ್ದುದರಿಂದ ನೆಲದ ಮೇಲಿಟ್ಟರೆ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಅಮ್ಮ ಅದನ್ನು ‘ದೊರೆ ಪಾವು’ ಎಂದು ಕರೆಯುತ್ತಿದ್ದಳು. ಆ ಹೆಸರು ಏಕೆ ಬಂತೆಂದು ನಾವು ಯಾರೂ ಕೇಳಿರಲಿಲ್ಲ. ಅದು ಪಾವೂ ಅಲ್ಲ, ಅಳತೆಯ ಸಾಮಾನೂ ಅಲ್ಲ, ಇಂಗ್ಲಿಷರ ಮನೆಗಳಲ್ಲಿ ಪುಡಿಂಗ್ ಮಾಡಲು ಬಳಸುತ್ತಿದ್ದ ಅಚ್ಚು ಎಂದು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ, ಬೆಂಗಳೂರಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಅಂಥದೇ ಇನ್ನೊಂದನ್ನು ಕಂಡಾಗ. ಊರಿಗೆ ಮರಳಿದವಳೇ ದೊಡ್ಡಮ್ಮನನ್ನು ಕೇಳಿದೆ. “ನಮ್ಮ ತಾತಂದು ಅದು. ಗಣಿ ಬಂಗಲೇಲಿ ಅಡುಗೆ ಮಾಡ್ತಿದ್ನಂತೆ. ದೊರೆ ಜೊತೇಲಿ ಹಡಗು ಹತ್ತಿ ಹೋದೋನು ತಿರುಗಿ ಬರಲಿಲ್ಲ” ಎಂದಳು. ಅಷ್ಟೇ. ನಾನು ಬರೆದ ಒಂದೇ ಒಂದು ಕಾದಂಬರಿ ಹುಟ್ಟಿದ್ದು ಆ ಮಾತಿನಿಂದ. ಅದನ್ನು ಬರೆದು ಮುಗಿಸಲು ನನಗೆ ಆರು ವರ್ಷ ಹಿಡಿಯಿತು. ಆ ಆರು ವರ್ಷಗಳಲ್ಲಿ ನಡೆದದ್ದನ್ನು ಇಲ್ಲಿ ಹೇಳುತ್ತೇನೆ.

ನಾನು ಮುಳಬಾಗಿಲು ತಾಲ್ಲೂಕಿನವಳು, ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡುವವಳು. ಆದ್ದರಿಂದ ಮೊದಲು ಕೈಹಾಕಿದ್ದು ದಾಖಲೆಗೇ. ಧಾತು ಮತ್ತು ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 1878ರವರೆಗಿನ ಕ್ಷಾಮ, ನಮ್ಮ ಸೀಮೆಯನ್ನು ಹೇಗೆ ಬರಿದು ಮಾಡಿತೆಂಬುದು ಜನಗಣತಿಯ ಎರಡು ಸಂಖ್ಯೆಗಳಲ್ಲೇ ಕಾಣುತ್ತದೆ: 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದಷ್ಟಕ್ಕೆ ಇಳಿದಿತ್ತು. ಆ ಬರ ಕಳೆದು ಎರಡು ವರ್ಷಕ್ಕೆ, 1880ರಲ್ಲಿ, ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ನೆಲಕ್ಕೆ ಕಾಲಿಟ್ಟಿತು. ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಗಳಿಂದ ಜನ ಗಂಟುಮೂಟೆ ಕಟ್ಟಿಕೊಂಡು ಬಂದರು. ನಮ್ಮ ತಾಲ್ಲೂಕಿನ ಹಳ್ಳಿಗಳಿಂದ ಅದು ಒಂದು ಹಗಲಿನ ನಡಿಗೆಯ ದೂರ. ಈಶ್ವರದ ಬರದಲ್ಲಿ ಹುಟ್ಟಿದ ಹುಡುಗನೊಬ್ಬ ಹನ್ನೆರಡರ ಪ್ರಾಯದಲ್ಲಿ ಆ ದಾರಿ ಹಿಡಿದ ಎಂಬಲ್ಲಿಂದ ನನ್ನ ಕಥೆಯನ್ನು ಆರಂಭಿಸಿದೆ. ನನ್ನ ಮುತ್ತಾತನ ವಯಸ್ಸಿಗೆ ಅದು ಹೊಂದುತ್ತಿತ್ತು.

ಬಂಗಲೆಯ ಆಳುಗಳ ಲೆಕ್ಕಪುಸ್ತಕಗಳು ಎಲ್ಲಾದರೂ ಉಳಿದಿರಬಹುದೆಂಬ ಆಸೆಯಿಂದ ಒಂದು ಕಚೇರಿಗೆ ಎರಡು ವರ್ಷದಲ್ಲಿ ಹನ್ನೊಂದು ಸಲ ಹೋದೆ. ಹನ್ನೊಂದನೆಯ ಸಲ, ಅವು ಮಳೆನೀರಿಗೆ ನೆನೆದು ಹೋಗಿವೆಯೆಂದು ಒಬ್ಬರು ಬಾಗಿಲಲ್ಲೇ ನಿಂತು ಹೇಳಿದರು. ಆ ದಿನ ಬಸ್ಸಿನಲ್ಲಿ ಕುಳಿತು ಅತ್ತೆ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಒಂದು ಇಡೀ ಊರಿನ ನೂರಿಪ್ಪತ್ತು ವರ್ಷದ ಬಾಳು ಯಾವುದೋ ಸೋರುವ ಮಾಳಿಗೆಯ ಕೆಳಗೆ ಕೊಳೆಯಿತೆಂಬುದನ್ನು ನಾನು ಈಗಲೂ ಒಪ್ಪಿಕೊಳ್ಳಲಾರೆ. ಆದರೆ ಒಂದು ಮಾತು ನಿಜ. ಆ ಪುಸ್ತಕಗಳು ಸಿಕ್ಕಿದ್ದರೂ ಅಲ್ಲಿ ನನ್ನ ಮುತ್ತಾತನ ಹೆಸರು ಇರುತ್ತಿತ್ತೇ ಎಂಬ ಸಂಶಯ ಆಮೇಲೆ ಬಂತು. 1878ರಲ್ಲಿ ಮದ್ರಾಸಿನಲ್ಲಿ ಅಚ್ಚಾದ, ಸೈನ್ಯದ ಅಧಿಕಾರಿಯೊಬ್ಬ ತನ್ನ ದೇಶದ ಗೃಹಿಣಿಯರಿಗಾಗಿ ಬರೆದ ಅಡುಗೆ ಪುಸ್ತಕವೊಂದಿದೆ. ಅದರಲ್ಲಿ ಅಡುಗೆಯವನಿಗೆ ಉದ್ದಕ್ಕೂ ಒಂದೇ ಹೆಸರು, ‘ರಾಮಸಾಮಿ’. ಅದು ಒಬ್ಬ ಮನುಷ್ಯನ ಹೆಸರಲ್ಲ, ಆ ಸೀಮೆಯ ಎಲ್ಲ ಅಡುಗೆಯವರಿಗೂ ಸೇರಿಸಿ ಇಟ್ಟ ಹೆಸರು. ಅದನ್ನು ಓದಿದ ರಾತ್ರಿಯೇ ನನ್ನ ಕಾದಂಬರಿಯಲ್ಲಿ ಅವನನ್ನು ಬಂಗಲೆಯವರು ರಾಮಸಾಮಿ ಎಂದು ಕರೆಯುತ್ತಾರೆ, ಅವನ ತಾಯಿ ಮಾತ್ರ ಮುನಿಯ ಎನ್ನುತ್ತಾಳೆ ಎಂದು ನಿರ್ಧರಿಸಿದೆ. ಆ ತಾಯಿ ಮೂರನೆಯ ಅಧ್ಯಾಯದಲ್ಲೇ ಪ್ಲೇಗಿಗೆ ತುತ್ತಾಗುತ್ತಾಳೆ. ಅಲ್ಲಿಂದ ಮುಂದೆ ಅವನ ಹೆಸರನ್ನು ಕರೆಯುವವರು ಯಾರೂ ಇರುವುದಿಲ್ಲ.

ದಾಖಲೆ ಕೈಬಿಟ್ಟಾಗ ಜನರ ಬಳಿಗೆ ಹೋದೆ. ಗಣಿಯೂರಿನ ಚಾಂಪಿಯನ್ ರೀಫ್ ಎಂಬಲ್ಲಿ, ಗಣಿ ಕೆಲಸಗಾರರ ಸಾಲುಮನೆಗಳಾದ ಲೈನುಮನೆಗಳೊಂದರಲ್ಲಿ, ಬಟ್ಲರ್ ಆಗಿದ್ದವರ ಮಗಳಾದ ಹಿರಿಯ ಹೆಂಗಸೊಬ್ಬರು ನನಗೆ ಮೂರು ಮಧ್ಯಾಹ್ನಗಳನ್ನು ಕೊಟ್ಟರು. ಅವರು ತಮಿಳಿನಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಬರೆದುಕೊಂಡೆ, ನಡುವೆ ಇಬ್ಬರೂ ತೆಲುಗಿಗೆ ಇಳಿಯುತ್ತಿದ್ದೆವು. ನಮ್ಮ ಜಿಲ್ಲೆಯಲ್ಲಿ ಇದು ಯಾರಿಗೂ ವಿಶೇಷವೆನಿಸುವುದಿಲ್ಲ. ಬಂಗಲೆಯ ಅಡುಗೆಮನೆ ಮುಖ್ಯ ಮನೆಯಿಂದ ದೂರ, ಹಿತ್ತಲಿನಲ್ಲಿ ಇರುತ್ತಿತ್ತು. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ, ಬೆಂಗಳೂರಿಗಿಂತ ಮೊದಲು, ಗಣಿಗೆ ಬಂತೆಂದು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಅವರ ಅಪ್ಪ ಕೊನೆಯವರೆಗೂ ಸೌದೆಯ ಹೊಗೆಯಲ್ಲೇ ಬೇಯಿಸಿದರಂತೆ. “ಅಪ್ಪ ದನದ ಮಾಂಸದ ಸಾರಿಗೆ ಉಪ್ಪು ನೋಡುವಾಗ ಸೌಟಿಂದ ಒಂದು ಹನಿ ಕೈಯ ಹಿಂಬದಿಗೆ ಬಿಟ್ಟುಕೊಂಡು ನೆಕ್ಕುತ್ತಿದ್ದರು. ಸೌಟು ಬಾಯಿಗೆ ತಾಗಿತೆಂದು ಯಾರಾದರೂ ಕಂಡರೆ ಕೆಲಸ ಹೋಗುತ್ತಿತ್ತು” ಎಂದು ಹೇಳುತ್ತ ಅವರು ತಮ್ಮ ಎಡಗೈಯನ್ನು ಮುಂದೆ ಚಾಚಿ, ಹೆಬ್ಬೆರಳಿನ ಬುಡದಲ್ಲಿ ಆ ಹನಿ ಬೀಳುವ ಜಾಗವನ್ನು ತೋರಿಸಿದರು. ಆ ಜಾಗದಲ್ಲಿ ಅವರ ಅಪ್ಪನಿಗೆ ಸುಟ್ಟು ಸುಟ್ಟು ಚರ್ಮ ಬಿಳಿಚಿತ್ತಂತೆ. ನನ್ನ ಮುನಿಯನ ಕೈಯಲ್ಲಿ ಆ ಬಿಳಿ ಮಚ್ಚೆ ಈಗ ಮೊದಲ ಪುಟದಿಂದಲೂ ಇದೆ.

ಅವನ ದೊರೆಯನ್ನು ಕಾರ್ನ್‌ವಾಲಿನವನನ್ನಾಗಿ ಮಾಡಿದ್ದಕ್ಕೆ ಗಟ್ಟಿಯಾದ ಕಾರಣವಿತ್ತು. ಕೋಲಾರದ ಗಣಿಗಳಿಗೆ ಬಂದ ಅನುಭವಿ ಗಣಿಗಾರರಲ್ಲಿ ಬಹಳ ಮಂದಿ ಇಂಗ್ಲೆಂಡಿನ ನೈಋತ್ಯ ತುದಿಯ ಆ ಪ್ರಾಂತದವರು. ಅಲ್ಲಿ ತಾಮ್ರದ ಬೆಲೆ ಬಿದ್ದು, ಆಮೇಲೆ ತವರದ ಬೆಲೆಯೂ ಕುಸಿದು ಗಣಿಗಳು ಒಂದರ ಹಿಂದೆ ಒಂದು ಮುಚ್ಚಿದಾಗ, ಕ್ಯಾಮ್‌ಬರ್ನ್ ಮತ್ತು ರೆಡ್‌ರೂತ್ ಸುತ್ತಮುತ್ತಲ ಗಂಡಸರು ಭೂಮಿಯ ಮೇಲೆ ಎಲ್ಲಿ ಗುಂಡಿ ತೋಡುತ್ತಿದ್ದರೋ ಅಲ್ಲಿಗೆಲ್ಲ ಹೊಟ್ಟೆಪಾಡಿಗಾಗಿ ಚದುರಿದರು. ಹಾಗಾಗಿ ಆ ಬಂಗಲೆಯಲ್ಲಿ ಬಡಿಸುವವನೂ ಉಣ್ಣುವವನೂ ಇಬ್ಬರೂ ಊರು ಬಿಟ್ಟು ಬಂದವರೇ. ಒಬ್ಬನಿಗೆ ಕುರ್ಚಿಯಿತ್ತು, ಇನ್ನೊಬ್ಬನಿಗೆ ಇರಲಿಲ್ಲ. ಇದನ್ನು ಸಮಾನ ದುಃಖವೆಂದು ತೂಗಿ ತೋರಿಸುವ ಆಸೆ ನನಗೆ ಒಂದು ಹಂತದಲ್ಲಿ ಬಂದಿತ್ತು. ಅದನ್ನು ಕಷ್ಟಪಟ್ಟು ತಡೆದುಕೊಂಡೆ. ದೊರೆಗೆ ಊರು ನೆನಪಾದರೆ ಅಡುಗೆಯವನಿಗೆ ಹೇಳಿ ಮಾಡಿಸಿಕೊಳ್ಳಬಲ್ಲ, ಅಡುಗೆಯವನಿಗೆ ನೆನಪಾದರೆ ಯಾರಿಗೆ ಹೇಳಬೇಕು?

ದೊರೆ ಹೇಳಿ ಮಾಡಿಸಿಕೊಳ್ಳುತ್ತಿದ್ದುದು ಪಾಸ್ಟಿ. ಮಾಂಸ, ಆಲೂಗೆಡ್ಡೆ, ಈರುಳ್ಳಿ, ಟರ್ನಿಪ್ ಗೆಡ್ಡೆಗಳನ್ನು ಹಸಿಯಾಗಿಯೇ ಹೆಚ್ಚಿ, ಹಿಟ್ಟಿನ ದುಂಡನೆಯ ಹಾಳೆಯ ಮೇಲಿಟ್ಟು, ಅರ್ಧಚಂದ್ರಾಕಾರವಾಗಿ ಮಡಚಿ, ಅಂಚನ್ನು ಬೆರಳಿನಿಂದ ತಿರುಚಿ ತಿರುಚಿ ಮುಚ್ಚಿ, ಒಲೆಯಲ್ಲಿ ಬೇಯಿಸುವ ತಿನಿಸು ಅದು. ಕಾರ್ನ್‌ವಾಲಿನ ಗಣಿಗಾರರು ಬುತ್ತಿಯಾಗಿ ಒಯ್ಯುತ್ತಿದ್ದುದು ಅದನ್ನೇ. ಬರೆಯುವ ಮೊದಲು ಮಾಡಿ ನೋಡಬೇಕೆಂದು, ಮೈದಾ ಕಲಸಿ, ಒಂದು ಭಾನುವಾರ ಬೆಳಗ್ಗೆಯಿಂದ ಸಂಜೆಯವರೆಗೆ ಅಡುಗೆಮನೆಯಲ್ಲಿ ನಿಂತೆ. ಮೊದಲ ನಾಲ್ಕು ಒಡೆದು ರಸ ಸೋರಿತು. ಐದನೆಯದರ ಅಂಚನ್ನು ಮಡಚುವಾಗ ನನ್ನ ಬೆರಳುಗಳು ತಾವಾಗಿಯೇ ಬೇರೆ ರೀತಿಯಲ್ಲಿ ನಡೆದವು. ಹೆಬ್ಬೆರಳಿನಿಂದ ಒತ್ತು, ತೋರುಬೆರಳಿನಿಂದ ಮೇಲಕ್ಕೆ ಮಗುಚು, ಮತ್ತೆ ಒತ್ತು. ಅದು ಗೌರಿ ಹಬ್ಬಕ್ಕೆ ಮಾಡುವ ಕರ್ಜಿಕಾಯಿಯ ಅಂಚು! ಆ ಪಾಸ್ಟಿ ಒಡೆಯಲಿಲ್ಲ. ಆ ಖುಷಿಯಲ್ಲಿ ಅದೇ ರಾತ್ರಿ ಒಂಬತ್ತು ಪುಟ ಬರೆದೆ: ಮೊದಲ ಸಲ ಪಾಸ್ಟಿಯ ಅಂಚು ಮಡಚುವ ಮುನಿಯನಿಗೆ ತಾಯಿಯ ಕರ್ಜಿಕಾಯಿ ನೆನಪಾಗಿ ಕೈ ನಡುಗುತ್ತದೆ. ಇಡೀ ಕಾದಂಬರಿಯಲ್ಲಿ ಇದಕ್ಕಿಂತ ಒಳ್ಳೆಯದನ್ನು ಬರೆದಿಲ್ಲವೆಂದು ಬಹಳ ಕಾಲ ನಂಬಿದ್ದೆ.

ಪಾಸ್ಟಿಗೆ ಸಂಬಂಧಿಸಿದ ಇನ್ನೊಂದು ರೂಢಿಯಂತೂ ನನ್ನ ನಿದ್ದೆಯನ್ನೇ ಕೆಡಿಸಿತು. ಯಾರ ಬುತ್ತಿ ಯಾರದೆಂದು ತಿಳಿಯಲು, ಬೇಯಿಸುವ ಮೊದಲು ಒಂದು ಮೂಲೆಯಲ್ಲಿ ಅದರ ಒಡೆಯನ ಹೆಸರಿನ ಮೊದಲಕ್ಷರವನ್ನು ಹಿಟ್ಟಿನಲ್ಲೇ ಮೂಡಿಸುತ್ತಿದ್ದರು. ಅಂದರೆ, ಶಾಲೆಯ ಮೆಟ್ಟಿಲು ಹತ್ತಲು ಬಿಡದ ಕೇರಿಯಿಂದ ಬಂದ ನನ್ನ ಮುನಿಯ ತನ್ನ ಜೀವನದಲ್ಲಿ ಬರೆದ ಮೊದಲ ಅಕ್ಷರ ಹಿಟ್ಟಿನ ಮೇಲೆ, ಬೇರೆ ಭಾಷೆಯಲ್ಲಿ, ಬೇರೊಬ್ಬನ ಹೆಸರಿನದು, ಮತ್ತು ಅದನ್ನು ತಿನ್ನುವವನೂ ಆ ಬೇರೊಬ್ಬನೇ. ಇದನ್ನು ಕಲ್ಪಿಸಿಕೊಂಡ ಮೇಲೆ ಕಾದಂಬರಿ ಯಾವ ಕಡೆ ಹರಿಯಬೇಕೆಂಬುದು ನನಗೆ ಸ್ಪಷ್ಟವಾಯಿತು. ಕಾರ್ನ್‌ವಾಲಿನ ಅಧ್ಯಾಯಗಳಲ್ಲಿ ಅವನು ಆ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಳ್ಳುತ್ತ ಹೋಗುತ್ತಾನೆ. 1911ರ ಏಪ್ರಿಲ್ 2ರಂದು ಅಲ್ಲಿ ಜನಗಣತಿ ನಡೆಯಿತು. ಆಗ ಪ್ರತಿ ಮನೆಯ ಯಜಮಾನನೇ ತನ್ನ ಕೈಬರಹದಲ್ಲಿ ಫಾರಂ ತುಂಬಬೇಕಾಗಿತ್ತು. ದೊರೆ ಮೇಜಿನ ಮೇಲೆ ಅದನ್ನು ಬಿಟ್ಟು ಹೋದಾಗ ಮುನಿಯ ಅದರಲ್ಲಿ ತನ್ನ ಹೆಸರನ್ನು ಹುಡುಕುತ್ತಾನೆ. ಸಿಕ್ಕುವುದು ರಾಮಸಾಮಿ, ಅಡುಗೆಯವ, ಹುಟ್ಟಿದ್ದು ಇಂಡಿಯಾದಲ್ಲಿ. ಮುಳಬಾಗಿಲಿಲ್ಲ, ಮೈಸೂರು ಸೀಮೆಯೂ ಇಲ್ಲ.

ಇಷ್ಟೆಲ್ಲ ಇದ್ದರೂ ಮೊದಲ ಕರಡು ಸತ್ತ ಹಾಗಿತ್ತು. ಮುನ್ನೂರ ನಲವತ್ತು ಪುಟ ಬರೆದು ಮುಗಿಸಿ ಓದಿದಾಗ, ಕಾರ್ನ್‌ವಾಲಿನ ಭಾಗದ ತುಂಬ ಅವನು ಊರಿನ ಹೊಲ, ಬೆಟ್ಟ, ಜಾತ್ರೆಗಳನ್ನು ನೆನೆದು ಕಣ್ಣೀರಿಡುತ್ತಿದ್ದ. ಯಾರು ಬೇಕಾದರೂ ಹಾಗೆ ಅಳಬಹುದಿತ್ತು. ತಪ್ಪು ಎಲ್ಲಿದೆಯೆಂದು ತಿಂಗಳುಗಟ್ಟಲೆ ತಿಳಿಯಲಿಲ್ಲ. ಒಂದು ದಿನ ಎಂಟನೆಯ ತರಗತಿಯಲ್ಲಿ ಅಸ್ಪೃಶ್ಯತೆಯ ಪಾಠ ಮಾಡುತ್ತಿದ್ದಾಗ, ನನ್ನದೇ ಬಾಯಿಂದ ಬರುತ್ತಿದ್ದ ವಾಕ್ಯವೊಂದು ನನ್ನನ್ನು ಅಲ್ಲೇ ನಿಲ್ಲಿಸಿತು. ಆ ಹೊಲ ಅವನದಾಗಿರಲಿಲ್ಲ. ಆ ಜಾತ್ರೆಯಲ್ಲಿ ಅವನ ಅಪ್ಪ ತಮಟೆ ಬಡಿಯಬಹುದಿತ್ತು, ತೇರಿನ ಹಗ್ಗ ಹಿಡಿಯುವಂತಿರಲಿಲ್ಲ. ಊರಿನಲ್ಲಿ ಅವನು ಮುಟ್ಟಿದ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ, ಬಂಗಲೆಯಲ್ಲಿ ಅವನ ಕೈಯಡುಗೆಯೇ ದಿನಕ್ಕೆ ನಾಲ್ಕು ಹೊತ್ತು ಮೇಜು ಹತ್ತುತ್ತಿತ್ತು. ಅವನನ್ನು ಹೊರಗಿಟ್ಟಿದ್ದು ಹಡಗಲ್ಲ. ಹಡಗು ಹತ್ತುವ ಮೂವತ್ತು ವರ್ಷ ಮೊದಲೇ, ಹುಟ್ಟಿದ ಊರಿನಲ್ಲಿ ಹುಟ್ಟಿದ ದಿನವೇ ಅವನು ಹೊರಗಿನವನಾಗಿದ್ದ. ಇದನ್ನು ಬರೆಯಬೇಕಾದವಳು ಅದೇ ಕೇರಿಯಲ್ಲಿ ಹುಟ್ಟಿದ ನಾನು. ಪುಸ್ತಕಗಳಲ್ಲಿ ಓದಿದ ಪರದೇಶದ ಕೊರಗನ್ನು ಅವನ ಮೇಲೆ ಹೊದಿಸಿ ಕೂರಿಸಿದ್ದೆ. ಕಾರ್ನ್‌ವಾಲಿನ ಭಾಗವನ್ನು ಪೂರ್ತಿಯಾಗಿ ತೆಗೆದುಹಾಕಿದೆ.

ಹಾಗಾದರೆ ಅವನಿಗೆ ಅಲ್ಲಿ ಏನು ಕಾಡುತ್ತಿತ್ತು? ಇದಕ್ಕೆ ಉತ್ತರ ಹುಡುಕುತ್ತ ಮತ್ತೆ ಒಲೆಯ ಮುಂದೆ ನಿಂತೆ. ರಾಗಿಗೆ ಬೇಗ ಹುಳು ಹಿಡಿಯುವುದಿಲ್ಲ, ಹಗೇವಿನಲ್ಲಿ ಹಾಕಿಟ್ಟರೆ ವರ್ಷಾನುಗಟ್ಟಲೆ ಕೆಡುವುದಿಲ್ಲ. ಆದ್ದರಿಂದ ಅವನ ಗಂಟಿನಲ್ಲಿ ನಾಲ್ಕು ಸೇರು ರಾಗಿ ಕಳಿಸಿಕೊಟ್ಟೆ. ಅದು ಮುಗಿಯುತ್ತದೆ. ಆಮೇಲೆ? ಕಾರ್ನ್‌ವಾಲಿನ ಬಡವರ ರೊಟ್ಟಿ ಬಹುಕಾಲ ಬಾರ್ಲಿಯದಾಗಿತ್ತು ಎಂದು ಓದಿದ್ದೆ. ಬಾರ್ಲಿಯನ್ನು ತಂದು, ಬೀಸಿ, ಜರಡಿ ಹಿಡಿದು, ಎಸರಿಗೆ ಸುರಿದು, ಹಿಟ್ಟಿನ ಕೋಲಿನಿಂದ ತಿರುವಿದೆ. ಬಣ್ಣ ತೇದ ಗಂಧದಂತೆ ಬಂತು. ಕೋಲಿಗೆ ಅಂಟಿದ್ದು ಬಿಡಲೇ ಇಲ್ಲ. ಒದ್ದೆ ಕೈಯಲ್ಲಿ ಉರುಟು ಮಾಡಲು ಹೋದರೆ ದುಂಡಗೆ ಕೂಡದೆ ಬೆರಳ ಸಂದಿಯಿಂದ ಇಳಿಯಿತು. ತಟ್ಟೆಯಲ್ಲಿ ಮುದ್ದೆ ಕೂರಬೇಕು, ಇದು ಹರಡಿಕೊಂಡಿತು. ತುತ್ತು ಮುರಿದು ನುಂಗಿದೆ, ಗಂಟಲಲ್ಲಿ ನಿಂತು ನಿಧಾನವಾಗಿ ಇಳಿಯಿತು. ಆದರೆ ಹೊಟ್ಟೆಯಲ್ಲಿ ಸ್ವಲ್ಪ ಹೊತ್ತಿನ ಮೇಲೆ ಆ ಭಾರ, ಆ ಪರಿಚಯದ ಭಾರ, ಬಂದು ಕೂತಿತು. ಅದು ನನಗೆ ಬೇಕಾದ ವಾಕ್ಯವನ್ನು ಕೊಟ್ಟಿತು. ಮುನಿಯ ಊರನ್ನು ನೆನೆಯುವುದಿಲ್ಲ. ಊಟವಾದ ಮೇಲಿನ ಆ ಭಾರವನ್ನು ನೆನೆಯುತ್ತಾನೆ, ಅದನ್ನು ಮತ್ತೆ ಹೊಟ್ಟೆಗೆ ತಂದುಕೊಳ್ಳಲು ಆ ದೇಶದ ಒಂದೊಂದೇ ಧಾನ್ಯವನ್ನು ಬೀಸಿ ಪರೀಕ್ಷಿಸುತ್ತಾನೆ.

ಅಲ್ಲೇ ಭಾಷೆಯ ಪ್ರಶ್ನೆಯೂ ಬಂತು. ಮುದ್ದೆಗೆ ನಮ್ಮ ಮನೆಯ ತೆಲುಗಿನಲ್ಲಿ ಸಂಗಟಿ, ಗಣಿಯ ಲೈನುಗಳ ತಮಿಳಿನಲ್ಲಿ ಕಳಿ, ಊರಿನವರ ಕನ್ನಡದಲ್ಲಿ ಮುದ್ದೆ. ಅವನು ಮನಸ್ಸಿನಲ್ಲಿ ಅದನ್ನು ಏನೆಂದು ಕರೆಯುತ್ತಾನೆ? ಮೊದಲ ಕರಡಿನಲ್ಲಿ ಅವನು ಪಠ್ಯಪುಸ್ತಕದ ಕನ್ನಡದಲ್ಲಿ ಯೋಚಿಸುತ್ತಿದ್ದ. ಎರಡನೆಯದರಲ್ಲಿ ಅವನಿಗೆ ಮೂರು ಭಾಷೆಯನ್ನೂ ಬಿಟ್ಟುಕೊಟ್ಟೆ: ಹಸಿದಾಗ ಸಂಗಟಿ, ಕೆಲಸದವರೊಡನೆ ಕಳಿ, ಬಲ್ಲವರ ಮುಂದೆ ಮುದ್ದೆ. ಬಾರ್ಲಿಯದನ್ನು ಮಾಡಿ ಮುಂದಿಟ್ಟುಕೊಂಡಾಗ ಮೂರರಲ್ಲಿ ಯಾವ ಹೆಸರೂ ಅದಕ್ಕೆ ಒಪ್ಪುವುದಿಲ್ಲ, ಅವನು ಸುಮ್ಮನೆ ಉಣ್ಣುತ್ತಾನೆ. ಓದಿದ ಗೆಳೆಯರೊಬ್ಬರು, ತೆಲುಗು ತಮಿಳು ಬೆರೆತರೆ ಕನ್ನಡದ ಓದುಗರು ತೊಡರುತ್ತಾರೆ ಎಂದರು. ನಾನು ಬದಲಾಯಿಸಲಿಲ್ಲ. ಕೋಲಾರದ ಕನ್ನಡ ಬೆಳೆದಿರುವುದೇ ಆ ನೆರೆಯವರ ಜೊತೆಗೆ, ಅದನ್ನು ಸೋಸಿ ಬರೆದರೆ ಉಳಿಯುವುದು ನಮ್ಮ ಕನ್ನಡವಲ್ಲ ಎಂಬ ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಎರಡನೆಯ ಕರಡು ಮುಗಿದಾಗ ಅದನ್ನು ಮೊದಲು ದೊಡ್ಡಮ್ಮನಿಗೆ ಓದಿ ಹೇಳಬೇಕೆನಿಸಿತು. ಅವಳಿಗೆ ಎಂಬತ್ತೆರಡು, ಕಣ್ಣು ಮಂಜು, ಕಿವಿ ಚುರುಕು. ದಿನಕ್ಕೆ ಒಂದು ಅಧ್ಯಾಯದಂತೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಜಗಲಿಯ ಮೇಲೆ ಕುಳಿತು ಓದುತ್ತಿದ್ದೆ. ಅವಳು ಎಲೆ ಅಡಿಕೆ ಮೆಲ್ಲುತ್ತ ಮಾತಾಡದೆ ಕೇಳುತ್ತಿದ್ದಳು. ಪಾಸ್ಟಿಯ ಅಧ್ಯಾಯ ಬಂದ ದಿನ ನನ್ನ ದನಿ ತಾನಾಗಿಯೇ ಮೇಲೇರಿತು. ಕರ್ಜಿಕಾಯಿಯ ಮಾತು ಬಂದಲ್ಲಿ ಅವಳು ಕೈಯೆತ್ತಿ ನಿಲ್ಲಿಸಿದಳು.

“ಕರ್ಜಿಕಾಯಿ ಅವರ ಮನೇಲಿ ಎಲ್ಲಿತ್ತಮ್ಮ?” ಎಂದಳು. “ಗೋಧಿ ಹಿಟ್ಟು, ಸಕ್ಕರೆ, ಕೊಬ್ಬರಿ, ಕರಿಯೋಕೆ ಎಣ್ಣೆ. ಬರದಲ್ಲಿ ಹುಟ್ಟಿದ ಕೂಸಿಗೆ ಅವರವ್ವ ಕರ್ಜಿಕಾಯಿ ಮಾಡಿ ಕೊಟ್ಲಾ? ನಾನೇ ಕರ್ಜಿಕಾಯಿ ತಿಂದಿದ್ದು ಮದುವೆ ಆದಮೇಲೆ.”

ನನಗೆ ಮಾತು ಹೊರಡಲಿಲ್ಲ. ನನ್ನ ಬೆರಳುಗಳಿಗೆ ಗೊತ್ತಿದ್ದ ಕರ್ಜಿಕಾಯಿ ನನ್ನ ಸಂಬಳದ ಮನೆಯದು. ಅವನ ಮನೆಯದಲ್ಲ. ಅವನ ಕೈಗೆ ನನ್ನ ಹಬ್ಬವನ್ನು ಕೊಟ್ಟಿದ್ದೆ.

ಸ್ವಲ್ಪ ಹೊತ್ತು ಬಿಟ್ಟು ಅವಳೇ ಕೇಳಿದಳು, ಆ ತಿಂಡಿಯ ಅಂಚನ್ನು ಹೇಗೆ ಮಡಚುತ್ತಾರೆ, ತೋರಿಸು ಎಂದು. ನಾನು ಅವಳ ಸೆರಗಿನ ಚುಂಗನ್ನೇ ಹಿಡಿದು, ಒತ್ತಿ, ಮಗುಚಿ, ಒತ್ತಿ ತೋರಿಸಿದೆ. ಅವಳು ಆ ಮಡಿಕೆಯ ಮೇಲೆ ಬೆರಳಾಡಿಸಿದಳು. ಎರಡು ಸಲ ಆಡಿಸಿದಳು. “ಇದು ಬಾನಿ ಬಾಯಿ ಕಣೆ” ಎಂದಳು. ಅವನ ಅಪ್ಪ ಕಪಿಲೆಯ ಬಾನಿ ಹೊಲಿಯುತ್ತಿದ್ದನಂತೆ. ಎತ್ತುಗಳು ಮಿಣಿ ಎಳೆದು ಬಾವಿಯಿಂದ ನೀರೆತ್ತುವ ಚರ್ಮದ ಬಾನಿ. ನೀರಿನ ಭಾರಕ್ಕೆ ಬಾಯಿ ಹರಿಯಬಾರದೆಂದು ಅಂಚನ್ನು ಹೀಗೆಯೇ ಒಳಕ್ಕೆ ಮಡಚಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು, ದಬ್ಬಳ ಹಾಕುತ್ತಿದ್ದರಂತೆ. ಮಕ್ಕಳ ಕೆಲಸ ಆ ಮಡಿಕೆಯನ್ನು ಒತ್ತಿ ಹಿಡಿಯುವುದು. ಊರಿನ ಬಾವಿಯ ಕಟ್ಟೆ ಹತ್ತಲು ಅವರನ್ನು ಬಿಡುತ್ತಿರಲಿಲ್ಲ, ಆ ಬಾವಿಗೆ ದಿನವೂ ಇಳಿದು ನೀರು ತುಂಬಿಕೊಂಡು ಬರುತ್ತಿದ್ದುದು ಅವರ ಕೈ ಹೊಲಿದ ಬಾನಿ.

ಒಂಬತ್ತು ಪುಟಗಳನ್ನೂ ಹರಿದು ಹಾಕಿದೆ. ಹೊಸದಾಗಿ ಬರೆದದ್ದು ಎರಡೇ ಪುಟ. ಅದರಲ್ಲಿ ಹಬ್ಬವಿಲ್ಲ, ಕಣ್ಣೀರಿಲ್ಲ. ಮುನಿಯ ಪಾಸ್ಟಿಯ ಅಂಚನ್ನು ಮೊದಲ ಸಲ ಮಡಚುತ್ತಾನೆ, ಅದು ಒಡೆಯುವುದಿಲ್ಲ, ದೊರೆಸಾನಿ ಇದನ್ನು ಯಾರು ಕಲಿಸಿದರೆಂದು ಕೇಳುತ್ತಾಳೆ, ಅವನು ಉತ್ತರ ಕೊಡದೆ ಹೆಬ್ಬೆರಳಿನ ಮೇಲಿನ ಹಿಟ್ಟನ್ನು ಒರೆಸಿಕೊಳ್ಳುತ್ತಾನೆ. ಮರುದಿನ ಸಂಜೆ ಅದನ್ನು ದೊಡ್ಡಮ್ಮನಿಗೆ ಓದಿದೆ. ಅವಳು ಎಲೆ ಅಡಿಕೆ ಉಗಿದು ಬಂದು ಕುಳಿತು, “ಮುಂದಕ್ಕೆ ಓದು” ಎಂದಳು.